ಅಂಗಡಿಯ ಲೆಕ್ಕಕ್ಕೆ ಕಳ್ಳನ ಬೀಗ

ನಮ್ಮ ಸದಸ್ಯರಲ್ಲಿ ಕಬ್ಬಿನ ಜೊತೆಗೆ ಇನ್ನೊಂದು ಉದ್ಯೋಗ ಇಟ್ಟುಕೊಂಡವರು ಕಡಿಮೆಯೇನಿಲ್ಲ. ಕೊಹೀರ್ ಬಜಾರಿನಲ್ಲಿ ಗೊಬ್ಬರ-ಬೀಜದ ಅಂಗಡಿ, ಜಹೀರಾಬಾದಿನಲ್ಲಿ ಶುಂಠಿ-ಆಲೂಗಡ್ಡೆಯ ಅಡತಿ, ನಾರಾಯಣಖೇಡದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಮಳಿಗೆ, ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕ. ಮನೆಯ ಒಬ್ಬ ಮಗ ಹೊಲದಲ್ಲಿದ್ದರೆ ಇನ್ನೊಬ್ಬ ಗಲ್ಲಾಪೆಟ್ಟಿಗೆಯ ಮುಂದೆ. ಹಿಂದೆ ಇಂಥ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಕಿರ್ದಿ-ಖಾತೆ ಪುಸ್ತಕಗಳು ಇರುತ್ತಿದ್ದವು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಸಣ್ಣ ಅಂಗಡಿಯವರೂ ಕಂಪ್ಯೂಟರ್ ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. ಲೆಕ್ಕವೆಲ್ಲ ಟ್ಯಾಲಿಗೆ ಹೋಯಿತು, ಪುಸ್ತಕಗಳು ಅಟ್ಟಕ್ಕೆ ಹೋದವು.

ಗೊಬ್ಬರದ ಅಂಗಡಿಯ ಲೆಕ್ಕದಲ್ಲಿ ಮುಖ್ಯವಾದದ್ದು ಯಾವುದು? ಮಾರಾಟದ ಲೆಕ್ಕ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮಾರಾಟದ ಲೆಕ್ಕ ಬೇರೆ ಕಡೆಯೂ ಇರುತ್ತದೆ. ರಿಯಾಯಿತಿ ದರದ ಗೊಬ್ಬರವನ್ನು ಬೆರಳಚ್ಚು ಪಡೆದು ಮಾರುವ ಪಿ.ಓ.ಎಸ್. ಯಂತ್ರದಿಂದ ಆ ವಿವರ ಸರ್ಕಾರಕ್ಕೆ ಹೋಗುತ್ತದೆ. ಸಲ್ಲಿಸಿದ ರಿಟರ್ನುಗಳು ಜಿ.ಎಸ್.ಟಿ. ಪೋರ್ಟಲಿನಲ್ಲಿ ಇರುತ್ತವೆ. ಎಲ್ಲಿಯೂ ಇಲ್ಲದೆ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುವುದು ಉದ್ರಿಯ ಲೆಕ್ಕ. 'ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇನೆ' ಎಂದು ಹೇಳಿ ಒಯ್ದ ಯೂರಿಯಾ ಎಷ್ಟು ಚೀಲ, ನಡುವೆ ಕೊಟ್ಟ ಐದು ಸಾವಿರ ಯಾವ ತಾರೀಖಿನದು, ಉಳಿದ ಬಾಕಿ ಎಷ್ಟು, ಇದು ಅಂಗಡಿಯವನಿಗೂ ರೈತನಿಗೂ ನಡುವಿನ ಮಾತು. ಆ ಕಂಪ್ಯೂಟರಿಗೆ ಬೇರೊಬ್ಬ ಬೀಗ ಹಾಕಿದರೆ ನಷ್ಟ ಅಂಗಡಿಯವನಿಗೆ ಮಾತ್ರವಲ್ಲ, ಕೊಟ್ಟ ಹಣಕ್ಕೆ ಸಾಕ್ಷಿ ಕಳೆದುಕೊಂಡ ರೈತನಿಗೂ ಹೌದು.

ಹೀಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಮಿಗೆ ರ್‍ಯಾನ್ಸಮ್‌ವೇರ್ ಎಂದು ಹೆಸರು. ರ್‍ಯಾನ್ಸಮ್ ಎಂದರೆ ಒತ್ತೆಯಾಳನ್ನು ಬಿಡಿಸಿಕೊಳ್ಳಲು ತೆರುವ ಹಣ. ಇಲ್ಲಿ ಒತ್ತೆಯಾಗುವುದು ನಮ್ಮ ಲೆಕ್ಕ.

ಬೀಗ ಬೀಳುವ ಬಗೆ

ಒಂದು ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಚ್ಚುತ್ತೀರಿ ಎಂದಿಟ್ಟುಕೊಳ್ಳಿ. ಟ್ಯಾಲಿ ತೆರೆಯುವುದಿಲ್ಲ. ಬಿಲ್ಲಿನ ಫೈಲುಗಳ ಹೆಸರಿನ ತುದಿಗೆ ಎಂದೂ ಕಾಣದ ನಾಲ್ಕಾರು ಅಕ್ಷರಗಳು ಅಂಟಿಕೊಂಡಿವೆ. ಮಕ್ಕಳ ಮದುವೆಯ ಫೋಟೋ ಸಹ ತೆರೆಯುವುದಿಲ್ಲ. ಪ್ರತಿಯೊಂದು ಫೋಲ್ಡರಿನಲ್ಲಿಯೂ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಇಷ್ಟು ಹಣ ಕಳಿಸಿ. ಸ್ಟಾಪ್ ಎಂಬ ಹೆಸರಿನ ಒಂದು ಜಾತಿಯ ರ್‍ಯಾನ್ಸಮ್‌ವೇರ್ ಸಣ್ಣ ಅಂಗಡಿ ಮತ್ತು ಮನೆಗಳ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅದರ ಚೀಟಿಯಲ್ಲಿ 980 ಡಾಲರ್ ಬೆಲೆ ಹೇಳಿ, 72 ಗಂಟೆಯೊಳಗೆ ಬಂದರೆ ಅರ್ಧಕ್ಕೆ, ಅಂದರೆ 490 ಡಾಲರಿಗೆ ಬಿಡುತ್ತೇವೆ ಎಂಬ ರಿಯಾಯಿತಿಯೂ ಇರುತ್ತಿತ್ತು. ಕಳ್ಳರೂ ಸಂತೆಯ ವ್ಯಾಪಾರ ಕಲಿತಿದ್ದಾರೆ.

ಈ ಬೀಗ ಸಾಮಾನ್ಯವಾದದ್ದಲ್ಲ. ಮುಚ್ಚಲು ಒಂದು ಕೀಲಿ, ತೆರೆಯಲು ಇನ್ನೊಂದು ಕೀಲಿ ಇರುವ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಮುಚ್ಚುವ ಕೀಲಿ ನಿಮ್ಮ ಯಂತ್ರಕ್ಕೆ ಬಂದು ಕೆಲಸ ಮುಗಿಸುತ್ತದೆ. ತೆರೆಯುವ ಕೀಲಿ ಎಲ್ಲೋ ದೂರದಲ್ಲಿರುವ ಕಳ್ಳನ ಬಳಿಯಲ್ಲಿಯೇ ಉಳಿಯುತ್ತದೆ. ಬೀಗವನ್ನು ಸರಿಯಾಗಿ ರಚಿಸಿದ್ದರೆ, ಕೀಲಿಯನ್ನು ಊಹಿಸಿ ತೆರೆಯುವುದು ಯಾವ ಕಂಪ್ಯೂಟರ್ ರಿಪೇರಿಯವನಿಗೂ, ಹೈದರಾಬಾದಿನ ಯಾವ ನಿಪುಣನಿಗೂ ಆಗುವ ಕೆಲಸವಲ್ಲ. 'ಹತ್ತು ಸಾವಿರ ಕೊಡಿ, ಫೈಲು ತೆಗೆದುಕೊಡುತ್ತೇನೆ' ಎಂದು ಬರುವವರ ಬಗ್ಗೆ ಎಚ್ಚರಿಕೆ ಇರಲಿ.

ಈ ದಂಧೆ ಹೊಸದೂ ಅಲ್ಲ. 1989ರಲ್ಲಿಯೇ ಜೋಸೆಫ್ ಪಾಪ್ ಎಂಬಾತ ಏಡ್ಸ್ ರೋಗದ ಮಾಹಿತಿ ಎಂಬ ನೆಪದಲ್ಲಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯ ಮೂಲಕ ಕಳಿಸಿ, ಅವುಗಳನ್ನು ಹಾಕಿದವರ ಕಂಪ್ಯೂಟರ್ ಕೆಡಿಸಿ, ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಲು ಹೇಳಿದ್ದ. ಆಗ ಹಣ ತರಿಸಿಕೊಳ್ಳುವುದೇ ಕಳ್ಳನಿಗೆ ಕಷ್ಟವಾಗಿತ್ತು. ಬಿಟ್‌ಕಾಯಿನ್ ಬಂದ ಮೇಲೆ ಆ ಕಷ್ಟ ಬಹುಮಟ್ಟಿಗೆ ತೀರಿತು.

ನಮ್ಮಂಥ ಸಣ್ಣವರ ತಂಟೆಗೆ ಯಾರು ಬರುತ್ತಾರೆ?

ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಮ್ಮ ಬಾಗಿಲಿಗೆ ಬಂದು ಹೋದ ಸಂಗತಿಗಳನ್ನೇ ನೋಡೋಣ. 2019ರಲ್ಲಿ ತೆಲಂಗಾಣ ಮತ್ತು ಆಂಧ್ರಪ್ರದೇಶದ ವಿದ್ಯುತ್ ವಿತರಣಾ ಕಂಪನಿಗಳ ವೆಬ್‌ಸೈಟುಗಳು ರ್‍ಯಾನ್ಸಮ್‌ವೇರಿಗೆ ಸಿಕ್ಕಿ, ಗ್ರಾಹಕರು ಅವುಗಳ ಮೂಲಕ ಬಿಲ್ಲು ಕಟ್ಟುವುದಕ್ಕೆ ತೊಂದರೆಯಾಯಿತು. ಕೊಹೀರಿಗೂ ತಾಂಡೂರಿಗೂ ಕರೆಂಟ್ ಕೊಡುವ ದಕ್ಷಿಣ ವಿಭಾಗದ ಕಂಪನಿಯೂ ಅದರಲ್ಲಿತ್ತು.

ಸಹಕಾರಿ ರಂಗದವರಾದ ನಾವು ಮರೆಯಬಾರದ ಪ್ರಕರಣ 2024ರ ಜುಲೈ ಕೊನೆಯದು. ದೇಶದ ಅನೇಕ ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ ರ್‍ಯಾನ್ಸಮ್‌ವೇರ್ ತಟ್ಟಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಆ ಕಂಪನಿಯ ಸಂಪರ್ಕವನ್ನೇ ಕತ್ತರಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ. ಮುಂತಾದ ಪಾವತಿ ಸೌಲಭ್ಯ ನಿಂತಿತು. ಮರುದಿನ ಪರಿಶೀಲನೆಯ ನಂತರ ಸಂಪರ್ಕ ಮರಳಿ ಬಂತು. ಬ್ಯಾಂಕುಗಳು ತಪ್ಪು ಮಾಡಿರಲಿಲ್ಲ; ಅವುಗಳಿಗೆ ಸೇವೆ ಕೊಡುವವರ ಮನೆಗೆ ಕಳ್ಳ ಹೊಕ್ಕಿದ್ದ. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಇದನ್ನು ಪರಿಶೀಲಿಸಿ, ಸೇವೆ ಕೊಡುವವರಿಗೂ ಸೇವೆ ಕೊಡುತ್ತಿದ್ದ ಇನ್ನೊಂದು ಸಣ್ಣ ಕಂಪನಿಯಲ್ಲಿ ಸರಿಯಾಗಿ ಭದ್ರಪಡಿಸದೆ ಬಿಟ್ಟ ಒಂದು ಯಂತ್ರದಿಂದ ದಾಳಿ ಆರಂಭವಾಯಿತೆಂದು ವರದಿ ಮಾಡಿತು.

ದೂರದ ಅಮೆರಿಕದ ಒಂದು ಘಟನೆಯನ್ನೂ ಹೇಳಬೇಕು, ಏಕೆಂದರೆ ಅದು ನಮ್ಮಂಥದೇ ರೈತರ ಸಹಕಾರಿ ಸಂಸ್ಥೆಗೆ ಆದದ್ದು. ಅಯೋವಾ ರಾಜ್ಯದ ಫೋರ್ಟ್ ಡಾಜ್ ಊರಿನ ನ್ಯೂ ಕೋಆಪರೇಟಿವ್ ಸಂಸ್ಥೆ ಸದಸ್ಯರ ಮೆಕ್ಕೆಜೋಳ, ಸೋಯಾ ಕೊಳ್ಳುತ್ತದೆ, ಪಶು ಆಹಾರ ಪೂರೈಸುತ್ತದೆ. 2021ರ ಸೆಪ್ಟೆಂಬರಿನಲ್ಲಿ, ಸರಿಯಾಗಿ ಸುಗ್ಗಿ ಶುರುವಾಗುವ ಹೊತ್ತಿಗೆ, ಅದರ ಕಂಪ್ಯೂಟರುಗಳಿಗೆ ಬೀಗ ಬಿತ್ತು. ಕಳ್ಳರು ಕೇಳಿದ್ದು 59 ಲಕ್ಷ ಡಾಲರ್. ಸಂಸ್ಥೆ ತನ್ನ ವ್ಯವಸ್ಥೆಯನ್ನೆಲ್ಲ ನಿಲ್ಲಿಸಿ, ಧಾನ್ಯ ಅಳೆದುಕೊಳ್ಳಲು, ಆಹಾರ ಹಂಚಲು ಬೇರೆ ದಾರಿ ಮಾಡಿಕೊಂಡಿತು. ಆ ಒಂದು ಸುಗ್ಗಿಯಲ್ಲಿಯೇ ಆರು ಧಾನ್ಯ ಸಹಕಾರಿ ಸಂಸ್ಥೆಗಳ ಮೇಲೆ ದಾಳಿಯಾಯಿತೆಂದು ಅಲ್ಲಿನ ತನಿಖಾ ಸಂಸ್ಥೆ ಎಫ್.ಬಿ.ಐ. 2022ರ ಏಪ್ರಿಲಿನಲ್ಲಿ ಪ್ರಕಟಿಸಿ, ಬಿತ್ತನೆ ಮತ್ತು ಕೊಯ್ಲಿನ ಕಾಲವನ್ನೇ ನೋಡಿಕೊಂಡು ಬರಬಹುದೆಂದು ಎಚ್ಚರಿಸಿತು. ಕಾರಣ ಸರಳ. ಸುಗ್ಗಿಯಲ್ಲಿ ಒಂದು ದಿನ ನಿಂತರೂ ಮಾಲು ಕೆಡುತ್ತದೆ. ಅವಸರದಲ್ಲಿರುವವನು ಹಣ ಕೊಡುತ್ತಾನೆ. ಕಡಿದ ಕಬ್ಬು ಗಾಡಿಯಲ್ಲಿ ಒಣಗುತ್ತ ನಿಂತಾಗ ಆಗುವ ಸಂಕಟ ತಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಹುಪಾಲು ದಾಳಿಗಳಲ್ಲಿ ಕಳ್ಳನಿಗೆ ನೀವು ಯಾರೆಂಬುದೇ ಗೊತ್ತಿರುವುದಿಲ್ಲ. ರಾತ್ರಿ ಬೀದಿಯುದ್ದಕ್ಕೂ ಬಾಗಿಲು ತಳ್ಳುತ್ತ ಹೋಗುವವನಂತೆ, ಯಾವುದು ತೆರೆಯುತ್ತದೋ ಅದರೊಳಗೆ ನುಗ್ಗುತ್ತಾನೆ. 2017ರ ಮೇ 12ರಂದು ವನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹೀಗೆ 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿತು. ಆಂಧ್ರಪ್ರದೇಶದ ಕೆಲವು ಪೊಲೀಸ್ ಠಾಣೆಗಳು, ಕೇರಳದ ಕೆಲವು ಪಂಚಾಯಿತಿ ಕಚೇರಿಗಳೂ ಅದರಲ್ಲಿ ಸಿಕ್ಕವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ತಿದ್ದುಪಡಿ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು.

ಕಳ್ಳ ಬರುವ ದಾರಿಗಳು

ಅಂಗಡಿಗಳ ಮಟ್ಟಿಗೆ ಹೆಚ್ಚು ಅಪಾಯದ್ದು ಪುಕ್ಕಟೆ ಸಿಗುವ ಕದ್ದ ಪ್ರೋಗ್ರಾಮು. ಹಣ ಕೊಟ್ಟು ಕೊಳ್ಳಬೇಕಾದ ಪ್ರೋಗ್ರಾಮನ್ನು 'ಕ್ರ್ಯಾಕ್' ಮಾಡಿ ಹಾಕಿಕೊಡುತ್ತೇನೆ ಎನ್ನುವ ಹುಡುಗರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅದನ್ನು ಹಾಕುವಾಗ 'ಆಂಟಿವೈರಸ್ ಸ್ವಲ್ಪ ಹೊತ್ತು ಬಂದ್ ಮಾಡಿ' ಎನ್ನುತ್ತಾರೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಂತೆ ಆಯಿತು. ಮೇಲೆ ಹೇಳಿದ ಸ್ಟಾಪ್ ಜಾತಿಯದು ಹಬ್ಬಿದ್ದೇ ಹೆಚ್ಚಾಗಿ ಈ ದಾರಿಯಿಂದ.

ಎರಡನೆಯದು ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ. ಲೆಕ್ಕ ಬರೆಯುವವರು ಹೈದರಾಬಾದಿನಲ್ಲೋ ಬೀದರಿನಲ್ಲೋ ಕುಳಿತು ನಿಮ್ಮ ಟ್ಯಾಲಿ ತೆರೆದು ಜಿ.ಎಸ್.ಟಿ. ರಿಟರ್ನ್ ತುಂಬುತ್ತಾರೆ. ಅನುಕೂಲವೇನೋ ಹೌದು. ಆದರೆ ಆ ದಾರಿ ಹಗಲು ರಾತ್ರಿ ತೆರೆದೇ ಇದ್ದು, ಗುಪ್ತಪದ 12345 ಅಥವಾ ಅಂಗಡಿಯ ಹೆಸರೇ ಆಗಿದ್ದರೆ, ಬೇರೆಯವರೂ ಅದೇ ದಾರಿಯಲ್ಲಿ ಬರುತ್ತಾರೆ. ಕೆಲಸವಿದ್ದಾಗ ಮಾತ್ರ ತೆರೆಯಿರಿ, ಮುಗಿದೊಡನೆ ಮುಚ್ಚಿರಿ. ಗುಪ್ತಪದ ಉದ್ದವಾಗಿರಲಿ, ಫೋನಿಗೆ ಬರುವ ಒ.ಟಿ.ಪಿ. ಇಲ್ಲದೆ ತೆರೆಯದಂತೆ ಮಾಡಲು ಸಾಧ್ಯವಿದ್ದಲ್ಲಿ ಹಾಗೆ ಮಾಡಿಸಿ.

ಮೂರನೆಯದು ಇ-ಮೇಲ್ ಮತ್ತು ವಾಟ್ಸಾಪಿನಲ್ಲಿ ಬರುವ ಫೈಲು. 'ಜಿ.ಎಸ್.ಟಿ. ನೋಟೀಸು', 'ಬಾಕಿ ಬಿಲ್ಲು', 'ಪಾರ್ಸೆಲ್ ಬಂದಿದೆ' ಎಂದು ತಲೆಬರಹ ಇರುತ್ತದೆ. ನೋಟೀಸು ಎಂದರೆ ಯಾರಿಗೂ ಕೈ ನಡುಗುತ್ತದೆ, ಆ ಗಾಬರಿಯಲ್ಲಿಯೇ ಬೆರಳು ಒತ್ತುತ್ತದೆ. ನಿಜವಾದ ನೋಟೀಸು ಆದರೆ ಜಿ.ಎಸ್.ಟಿ. ಪೋರ್ಟಲಿನಲ್ಲಿಯೂ ಕಾಣುತ್ತದೆ, ಅಲ್ಲಿಗೆ ನೀವೇ ಹೋಗಿ ನೋಡಿ.

ಹಳೆಯ ವಿಂಡೋಸಿನ ವಿಷಯ ಚಿಕ್ಕದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. ಇಂಥ ಯಂತ್ರವನ್ನು ಸದ್ಯಕ್ಕೆ ಬದಲಿಸಲಾಗದಿದ್ದರೆ ಲೆಕ್ಕಕ್ಕೆ ಮಾತ್ರ ಇಟ್ಟುಕೊಂಡು, ಇಂಟರ್ನೆಟ್ ಕೆಲಸವನ್ನು ಬೇರೆ ಯಂತ್ರದಲ್ಲಿ ಮಾಡುವುದು ಲೇಸು. ಹೊಸ ಯಂತ್ರದಲ್ಲಿ ಅಪ್‌ಡೇಟ್ ಬಂದಾಗ 'ಆಮೇಲೆ' ಎಂದು ಮುಂದೂಡದಿರಿ.

ಬೇರೆ ಇಟ್ಟ ಪ್ರತಿಯೇ ಗತಿ

ಇಷ್ಟೆಲ್ಲ ಮಾಡಿದರೂ ಎಂದಾದರೊಂದು ದಿನ ಯಾರಾದರೊಬ್ಬರು ಒತ್ತಬಾರದ್ದನ್ನು ಒತ್ತುತ್ತಾರೆ. ಅಂದು ಉಳಿಸುವುದು ಒಂದೇ: ಕಂಪ್ಯೂಟರಿನಿಂದ ಬೇರ್ಪಡಿಸಿ ಇಟ್ಟಿರುವ ಲೆಕ್ಕದ ಪ್ರತಿ. 'ಬೇರ್ಪಡಿಸಿ' ಎಂಬ ಮಾತಿಗೆ ಒತ್ತು ಕೊಡಬೇಕು. ಅದಕ್ಕೆ ಒಂದು ನಡೆದ ಕಥೆ ಇದೆ.

ಡೆನ್ಮಾರ್ಕಿನ ಮೇರ್ಸ್ಕ್ ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲಿ ಒಂದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬುದು ಅದರ ಜಾಲಕ್ಕೆ ನುಗ್ಗಿತು. ಅದು ರ್‍ಯಾನ್ಸಮ್‌ವೇರಿನ ವೇಷ ಹಾಕಿತ್ತು, ನಿಜದಲ್ಲಿ ಹಣ ಕೊಟ್ಟರೂ ಬಿಡಿಸಲಾಗದ ನಾಶಕ. ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಕಂಪನಿ ನಡೆಸುತ್ತಿದ್ದ ಟರ್ಮಿನಲಿನ ಕೆಲಸವೂ ನಿಂತಿತು. ಕಂಪನಿಯ ಜಾಲದಲ್ಲಿ ಯಾರಿಗೆ ಯಾವ ಯಂತ್ರಕ್ಕೆ ಪ್ರವೇಶ ಎಂಬ ಮೂಲ ಲೆಕ್ಕ ಇಡುವ ಸುಮಾರು 150 ಮುಖ್ಯ ಯಂತ್ರಗಳಿದ್ದವು. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರಲಿ ಎಂದು ಅವೆಲ್ಲ ಒಂದಕ್ಕೊಂದು ಸದಾ ನಕಲು ಮಾಡಿಕೊಳ್ಳುತ್ತಿದ್ದವು. ಎಲ್ಲವೂ ಒಟ್ಟಿಗೆ ಜೋಡಿಸಿಕೊಂಡೇ ಇದ್ದುದರಿಂದ ಎಲ್ಲವೂ ಒಟ್ಟಿಗೆ ಅಳಿದುಹೋದವು. ಉಳಿದದ್ದು ಒಂದೇ, ಆಫ್ರಿಕದ ಘಾನಾ ದೇಶದಲ್ಲಿದ್ದದ್ದು. ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ಜಾಲದಿಂದ ಕಡಿದುಹೋಗಿತ್ತು! ಘಾನಾದ ನೌಕರರಿಗೆ ಬ್ರಿಟನ್ನಿಗೆ ಹೋಗಲು ವೀಸಾ ಇಲ್ಲದ ಕಾರಣ, ಒಬ್ಬರು ಆ ಡಿಸ್ಕನ್ನು ನೈಜೀರಿಯಾದ ವಿಮಾನ ನಿಲ್ದಾಣಕ್ಕೆ ಒಯ್ದು ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಒಯ್ದರು. ಅದರ ಆಧಾರದ ಮೇಲೆ ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಲಾಯಿತು. ಕರೆಂಟ್ ಹೋದದ್ದರಿಂದ ಒಳ್ಳೆಯದಾದ ಉದಾಹರಣೆ ನಮ್ಮ ಪಂಪ್‌ಸೆಟ್ಟಿನವರಿಗೆ ನಂಬಲು ಕಷ್ಟವಾಗಬಹುದು.

ಆದ್ದರಿಂದ ಟ್ಯಾಲಿಯ ಬ್ಯಾಕಪ್ಪನ್ನು ಅದೇ ಕಂಪ್ಯೂಟರಿನ ಡಿ-ಡ್ರೈವಿನಲ್ಲಿ ಇಟ್ಟು ನೆಮ್ಮದಿಯಿಂದ ಇರುವುದು ಹುಸಿ ನೆಮ್ಮದಿ. ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಸಹ ಅಷ್ಟೇ, ಬೀಗ ಅದಕ್ಕೂ ಬೀಳುತ್ತದೆ. ಇಂಟರ್ನೆಟ್ಟಿನಲ್ಲಿ ತಾನಾಗಿ ನಕಲಾಗುವ ಡ್ರೈವಿದ್ದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಏರಬಹುದು. ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಉಳಿಸುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ನಮ್ಮ ಅಂಗಡಿಗಳಿಗೆ ಸಾಧ್ಯವಾಗುವ ಕ್ರಮ ಹೀಗಿದೆ. ಎರಡು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ತನ್ನಿ. ಒಂದರ ಮೇಲೆ ಸೋಮವಾರ ಎಂದೂ ಇನ್ನೊಂದರ ಮೇಲೆ ಗುರುವಾರ ಎಂದೂ ಚೀಟಿ ಅಂಟಿಸಿ. ಆಯಾ ದಿನ ಅಂಗಡಿ ಮುಚ್ಚುವ ಮೊದಲು ಬ್ಯಾಕಪ್ ತೆಗೆದು, ಕೂಡಲೇ ಕಿತ್ತು, ಮನೆಗೆ ಒಯ್ಯಿರಿ. ಎರಡನ್ನೂ ಎಂದಿಗೂ ಒಟ್ಟಿಗೆ ಚುಚ್ಚಬೇಡಿ. ತಿಂಗಳಿಗೊಂದು ಪ್ರತಿಯನ್ನು ಅಳಿಸದೆ ಬೇರೆಯಾಗಿ ಉಳಿಸಿ. ಇದಕ್ಕೆ ಕಾರಣವಿದೆ. ಕೆಂಪು ಕೊಳೆ ರೋಗ ಹೊಕ್ಕ ಕಬ್ಬು ಕೆಲವು ಕಾಲ ಮೇಲೆ ಹಸಿರಾಗಿಯೇ ಕಾಣುತ್ತದೆ, ಸೀಳಿ ನೋಡಿದಾಗಲೇ ಒಳಗಿನ ಕೆಂಪು ತಿಳಿಯುವುದು. ಹಾಗೆಯೇ ಕಳ್ಳ ಒಳಗೆ ಬಂದು ಕೆಲವು ದಿನ ಸುಮ್ಮನೆ ಕುಳಿತಿರಬಹುದು. ಆ ದಿನಗಳ ಪ್ರತಿಯಲ್ಲಿಯೂ ರೋಗ ಇರಬಹುದು. ಬೀಜದ ಕಬ್ಬಿಗೆ ಬೇರೆ ತಾಕು ಇಡುವವರಿಗೆ ಈ ಮಾತು ಹೊಸದಲ್ಲ. ಎರಡು-ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಾಲ್ಕು ಜನರ ಖಾತೆ ಸರಿಯಾಗಿ ಬರುತ್ತದೆಯೇ ನೋಡಿ. ತೆರೆಯದ ಬ್ಯಾಕಪ್ ಮೊಳೆಯದ ಬೀಜ.

ಇದಲ್ಲದೆ ತಿಂಗಳ ಕೊನೆಗೆ ಉದ್ರಿ ಬಾಕಿಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಟ್ರಂಕಿನಲ್ಲಿ ಇಡಿ. ಹತ್ತು ಹಾಳೆಯ ಖರ್ಚು. ಕಾಗದಕ್ಕೆ ಬೀಗ ಹಾಕುವ ಪ್ರೋಗ್ರಾಮನ್ನು ಇನ್ನೂ ಯಾರೂ ಬರೆದಿಲ್ಲ.

ಪ್ರತಿ ಇಡುವುದು ಅಂಗಡಿಯವರ ಇಷ್ಟಕ್ಕೆ ಬಿಟ್ಟ ಮಾತೂ ಅಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು, ಅದು ನಾಶವಾದರೆ ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡತಕ್ಕದ್ದೆಂದು ಜಿ.ಎಸ್.ಟಿ. ನಿಯಮಗಳ 57ನೆಯ ನಿಯಮ ಹೇಳುತ್ತದೆ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಬೇಕೆಂಬುದು ಕಾಯಿದೆಯ 36ನೆಯ ಕಲಮು.

ಬೀಗ ಬಿದ್ದ ದಿನ

ಮೊದಲು ಇಂಟರ್ನೆಟ್ ತಂತಿ ಕೀಳಿ, ವೈಫೈ ಬಂದ್ ಮಾಡಿ. ಅದೇ ಜಾಲದಲ್ಲಿರುವ ಬೇರೆ ಕಂಪ್ಯೂಟರುಗಳನ್ನೂ ಬೇರ್ಪಡಿಸಿ. ಪರದೆಯ ಮೇಲಿನ ಚೀಟಿಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: 'ಬ್ಯಾಕಪ್ ಸರಿ ಇದೆಯೇ ನೋಡೋಣ' ಎಂದು ಆ ರೋಗದ ಯಂತ್ರಕ್ಕೇ ಒಳ್ಳೆಯ ಪೆನ್‌ಡ್ರೈವ್ ಚುಚ್ಚುವುದು. ದಯವಿಟ್ಟು ಚುಚ್ಚಬೇಡಿ. ಯಂತ್ರವನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದ ನಂತರವೇ ಪ್ರತಿಯನ್ನು ಮುಟ್ಟತಕ್ಕದ್ದು. ಅಳಿಸುವ ಮೊದಲು ಬೀಗ ಬಿದ್ದ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಯುರೋಪಿನ ಪೊಲೀಸರು ಕೆಲವು ಕಂಪನಿಗಳೊಡನೆ ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ್‍ಯಾನ್ಸಮ್ ಎಂಬ ಯೋಜನೆ ಕೆಲವು ಜಾತಿಯ ಬೀಗಗಳಿಗೆ ಕೀಲಿಗಳನ್ನು ಉಚಿತವಾಗಿ ಕೊಡುತ್ತದೆ. ಇಂದು ಇಲ್ಲದ ಕೀಲಿ ನಾಳೆ ಬರಬಹುದು.

ಹಣ ಕೊಡಬೇಕೇ? ಕೊಡಬಾರದೆಂಬುದು ಈ ಲೇಖಕನ ಅಭಿಪ್ರಾಯ. ಕೊಟ್ಟವರಿಗೆಲ್ಲ ಕೀಲಿ ಸಿಕ್ಕಿಲ್ಲ; ಸಿಕ್ಕವರೆಲ್ಲರಿಗೂ ಅದರಿಂದ ಪೂರ್ತಿ ಕೆಲಸವಾಗಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ತೈಲ ಸಾಗಣೆ ಕಂಪನಿ 75 ಬಿಟ್‌ಕಾಯಿನ್, ಅಂದಿನ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಕಳ್ಳರು ಕೊಟ್ಟ ಸಾಧನ ಎಷ್ಟು ನಿಧಾನವೆಂದರೆ ಕಂಪನಿ ತನ್ನದೇ ಬ್ಯಾಕಪ್ಪಿನ ಮೊರೆ ಹೋಗಬೇಕಾಯಿತು.

ದೂರು ಕೊಡಲು ನಾಚಬೇಡಿ. ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಕೇಂದ್ರ ಸರ್ಕಾರದ ವೆಬ್‌ಸೈಟಿನಲ್ಲಿಯೂ ಕೊಡಬಹುದು. ಖಾತೆಯಿಂದ ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇಂಥ ಘಟನೆ ತಿಳಿದ 6 ಗಂಟೆಯೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ಆದೇಶ ಇದೆ. ಅದರ ಉಚಿತ ದೂರವಾಣಿ 1800-11-4949.

ಉದ್ರಿ ತರುವ ಸದಸ್ಯರಿಗೂ ಒಂದು ಮಾತು. ಹಣ ಕಟ್ಟಿದಾಗ 'ಕಂಪ್ಯೂಟರಿನಲ್ಲಿ ಏರಿಸಿದೆ' ಎಂಬ ಮಾತಿಗೆ ತೃಪ್ತರಾಗದೆ ರಶೀದಿ ಬರೆಸಿಕೊಳ್ಳಿ. ಅಂಗಡಿಯ ರಶೀದಿ, ಸಂಘದ ಪಾಸ್‌ಬುಕ್ಕು, ಕಾರ್ಖಾನೆಯ ಕಬ್ಬಿನ ತೂಕದ ಚೀಟಿ, ಇವನ್ನು ಆಯಾ ಹಂಗಾಮಿನ ಲೆಕ್ಕ ಪೂರ್ಣ ಚುಕ್ತಾ ಆಗುವವರೆಗೆ ಒಂದು ಚೀಲದಲ್ಲಿ ಕಟ್ಟಿಡಿ. ತೂಕದ ಚೀಟಿಯ ಮಸಿ ಬಿಸಿಲಿಗೆ ಅಳಿಸಿಹೋಗುವುದುಂಟು. ಬಂದ ದಿನವೇ ಫೋನಿನಲ್ಲಿ ಅದರ ಒಂದು ಫೋಟೋ ತೆಗೆದುಕೊಂಡರೆ ಆಯಿತು.